ನರಯಾಮ: ದಾಖಲೆ ಇಲ್ಲದ ಹಳ್ಳಿಯ ಚರಿತ್ರೆ ಎರಡು ಸಲ ಸಿನಿಮಾ ಆದದ್ದು

ಜಪಾನಿನ ಬೆಟ್ಟಗಾಡಿನಲ್ಲಿ ಒಂದು ಬಡ ಹಳ್ಳಿ. ಅಲ್ಲೊಂದು ಕಟ್ಟಳೆ. 70 ವರ್ಷಕ್ಕೆ ಬಂದವರನ್ನು ಮಗ ಬೆನ್ನ ಮೇಲೆ ಹೊತ್ತುಕೊಂಡು ನರಯಾಮ ಎಂಬ ಬೆಟ್ಟಕ್ಕೆ ಹೋಗಬೇಕು. ಅಲ್ಲಿ ಕೂರಿಸಿ, ಹಿಂದಿರುಗಿ ನೋಡದೆ ಬರಬೇಕು. ಕಾರಣ ಇಷ್ಟೇ, ಊರಿನಲ್ಲಿ ಎಲ್ಲರಿಗೂ ಸಾಲುವಷ್ಟು ಊಟ ಇಲ್ಲ. ಓರಿನ್ ಎಂಬ ಅಜ್ಜಿಗೆ ಈಗ 69. ಆಕೆಗೆ ಸಾವಿನ ಭಯಕ್ಕಿಂತ ಮನೆಯ ಕೆಲಸ ಇನ್ನೂ ಬಾಕಿ ಇದೆಯಲ್ಲ ಎಂಬ ಚಿಂತೆಯೇ ಜಾಸ್ತಿ. ಹೆಂಡತಿ ಸತ್ತ ಮಗನಿಗೆ ಇನ್ನೊಂದು ಮದುವೆ ಮಾಡಬೇಕು. ಬಂದ ಸೊಸೆಗೆ ಹೊಳೆಯಲ್ಲಿ ಮೀನು ಸಿಗುವ ಗುಟ್ಟಿನ ಜಾಗ ತೋರಿಸಿಕೊಡಬೇಕು. ಅದೆಲ್ಲ ಮುಗಿಸಿ ಹೊರಡಬೇಕು.

ಈ ಕಥೆಯನ್ನು ಜಪಾನಿನ ಇಬ್ಬರು ದೊಡ್ಡ ನಿರ್ದೇಶಕರು 'ನರಯಾಮ ಬುಶಿಕೊ' ಎಂಬ ಒಂದೇ ಹೆಸರಿನಲ್ಲಿ ಸಿನಿಮಾ ಮಾಡಿದ್ದಾರೆ. 1958ರಲ್ಲಿ ಕೆಯಿಸುಕೆ ಕಿನೋಶಿತಾ, 1983ರಲ್ಲಿ ಶೋಹೆಯ್ ಇಮಾಮುರಾ. ಕಥೆ ಒಂದೇ, ಅಜ್ಜಿ ಒಬ್ಬಳೇ, ಬೆಟ್ಟವೂ ಒಂದೇ. ಆದರೆ ಎರಡು ಸಿನಿಮಾ ತಯಾರಾದ ಬಗೆಯಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ. ಒಬ್ಬರು ಇಡೀ ಹಳ್ಳಿಯನ್ನು ಸ್ಟುಡಿಯೋ ಒಳಗೆ ಕಟ್ಟಿದರು. ಇನ್ನೊಬ್ಬರು ಜನ ಬಿಟ್ಟುಹೋದ ನಿಜವಾದ ಹಳ್ಳಿಗೆ ತಂಡ ಕಟ್ಟಿಕೊಂಡು ಹೋದರು. ಯಾಕೆ ಹೀಗಾಯಿತು ಎಂದು ತಿಳಿಯಬೇಕಾದರೆ ಮೊದಲು ಆ ಹಳ್ಳಿಯ ಚರಿತ್ರೆ ಎಷ್ಟು ನಿಜ, ಎಷ್ಟು ಕಥೆ ಎಂದು ನೋಡಬೇಕು.

ಮೂಲ ಕಥೆ ಬರೆದವರು ಶಿಚಿರೊ ಫುಕಜಾವಾ. 1914ರಲ್ಲಿ ಯಮನಾಶಿ ಪ್ರಾಂತ್ಯದಲ್ಲಿ ಹುಟ್ಟಿದವರು. ಸಾಹಿತಿಗಳ ಗುಂಪಿನವರಲ್ಲ, ತೋಕಿಯೊದ ಮ್ಯೂಸಿಕ್ ಹಾಲ್‌ನಲ್ಲಿ ಗಿಟಾರ್ ನುಡಿಸುತ್ತಿದ್ದರು. 1956ರಲ್ಲಿ 'ಚುವೊ ಕೊರೊನ್' ಪತ್ರಿಕೆಯ ಹೊಸ ಬರಹಗಾರರ ಸ್ಪರ್ಧೆಗೆ ಈ ಕಥೆ ಕಳಿಸಿದರು, ಬಹುಮಾನ ಬಂತು. ತೀರ್ಪುಗಾರರಲ್ಲಿ ಹೆಸರಾಂತ ಕಾದಂಬರಿಕಾರ ಯುಕಿಯೊ ಮಿಶಿಮಾ ಕೂಡ ಇದ್ದರು. ಓರಿನ್ ಪಾತ್ರದ ಹಿಂದೆ ಫುಕಜಾವಾ ಅವರ ಸ್ವಂತ ತಾಯಿಯೇ ಇದ್ದಾರೆ. ಕಾಯಿಲೆ ಬಿದ್ದ ಆಕೆ ಕೊನೆಯ ದಿನಗಳಲ್ಲಿ ತಾವಾಗಿಯೇ ಊಟ ಬಿಟ್ಟಿದ್ದರು. ಕಥೆಯ ಉದ್ದಕ್ಕೂ ಹಳ್ಳಿಯವರು ಹಾಡುವ ಹಾಡುಗಳನ್ನು ಕೇಳಿದರೆ ಹಳೆಯ ಜನಪದ ಗೀತೆ ಅನ್ನಿಸುತ್ತದೆ. ಅವೂ ಫುಕಜಾವಾ ಅವರೇ ಕಟ್ಟಿ, ರಾಗ ಹಾಕಿದ ಹಾಡುಗಳು. ಇದು ಮುಖ್ಯ. ಎಲ್ಲೋ ಸಿಕ್ಕಿದ ದಾಖಲೆಯನ್ನು ಬಿಡಿಸಿ ಬರೆದ ಕಥೆಯಲ್ಲ ಇದು. ಒಬ್ಬ ಮಗ ತಾಯಿಯ ಸಾವನ್ನು ಇಟ್ಟುಕೊಂಡು ಒಂದು ಹಳ್ಳಿಯನ್ನೇ ಊಹಿಸಿಕೊಂಡದ್ದು.

ಹಾಗಾದರೆ ಮುದುಕರನ್ನು ಬೆಟ್ಟಕ್ಕೆ ಬಿಡುವ ಪದ್ಧತಿ ನಿಜವಾಗಿ ಇತ್ತಾ?

ಕಥೆ ಮಾತ್ರ ಬಹಳ ಹಳೆಯದು. 10ನೇ ಶತಮಾನದ 'ಯಮಾತೊ ಮೊನೊಗತಾರಿ'ಯಲ್ಲೇ ಬರುತ್ತದೆ. ಹೆಂಡತಿಯ ಕಾಟ ತಾಳಲಾರದೆ ಒಬ್ಬ ತನ್ನನ್ನು ಸಾಕಿದ ಸೋದರತ್ತೆಯನ್ನು ಬೆಟ್ಟದಲ್ಲಿ ಬಿಟ್ಟುಬರುತ್ತಾನೆ. ರಾತ್ರಿ ಬೆಟ್ಟದ ಮೇಲೆ ಚಂದ್ರ ಮೂಡಿದ್ದನ್ನು ನೋಡಿ ಸಂಕಟ ತಡೆಯಲಾರದೆ ಮರುದಿನ ಹೋಗಿ ಕರೆತರುತ್ತಾನೆ. ಆಮೇಲೆ 'ನೋ' ಎಂಬ ಜಪಾನಿನ ಹಳೆಯ ನಾಟಕ ಪ್ರಕಾರದಲ್ಲೂ ಇದೇ ವಸ್ತು ಬಂತು. 1688ರಲ್ಲಿ ಕವಿ ಬಾಶೊ ಈ ಕಥೆಯ ಬೆಟ್ಟದ ಚಂದ್ರನನ್ನು ನೋಡಲೆಂದೇ ನಗಾನೊ ಪ್ರಾಂತ್ಯದ ಕಡೆಗೆ ನಡೆದುಕೊಂಡು ಹೋದರು.

ಇದರ ಇನ್ನೊಂದು ಎಳೆ ಹೋಗಿ ಸೇರುವುದು ನಮ್ಮ ಕಡೆಗೇ. ಭಾರತದಿಂದ ಹೋದ ಒಂದು ಬೌದ್ಧ ಕಥಾಸಂಗ್ರಹ 5ನೇ ಶತಮಾನದಲ್ಲಿ ಚೀನೀ ಭಾಷೆಗೆ ಬಂತು. ಅದರಲ್ಲಿ ಮುದುಕರನ್ನು ಹೊರಹಾಕುವ ಒಂದು ರಾಜ್ಯದ ಕಥೆ ಇದೆ. ಮಂತ್ರಿಯೊಬ್ಬ ತಂದೆಯನ್ನು ಬಿಡಲಾರದೆ ಮನೆಯೊಳಗೆ ಬಚ್ಚಿಡುತ್ತಾನೆ. ದೇವತೆಯೊಬ್ಬ ಬಂದು ರಾಜನಿಗೆ ಒಗಟಿನ ಮೇಲೆ ಒಗಟು ಹಾಕುತ್ತಾನೆ. ಆನೆಯ ತೂಕ ಹೇಳು ಅನ್ನುವುದು ಅದರಲ್ಲೊಂದು. ಆನೆಯನ್ನು ದೋಣಿಗೆ ಹತ್ತಿಸಿ, ನೀರು ಎಲ್ಲಿವರೆಗೆ ಬಂತೆಂದು ಗುರುತು ಮಾಡಿ, ಆಮೇಲೆ ಅಷ್ಟೇ ಮುಳುಗುವವರೆಗೆ ಕಲ್ಲು ತುಂಬಿ ತೂಗು ಎಂದು ಬಚ್ಚಿಟ್ಟ ಮುದುಕ ಉಪಾಯ ಹೇಳಿಕೊಡುತ್ತಾನೆ. ಚಿಕ್ಕಂದಿನಲ್ಲಿ ಈ ಆನೆ-ದೋಣಿಯ ಕಥೆ ಕೇಳದವರು ನಮ್ಮಲ್ಲಿ ಕಡಿಮೆ. ಅದೇ ಕಥೆ ಚೀನಾ ದಾಟಿ ಜಪಾನಿಗೂ ಹೋಗಿ ಅಲ್ಲಿನ ಹಳ್ಳಿಗಳ ಬಾಯಲ್ಲಿ ಉಳಿಯಿತು.

ಗಮನಿಸಿ, ಈ ಹಳೆಯ ಕಥೆಗಳಲ್ಲಿ ಹೆಚ್ಚಿನವು ಮುಗಿಯುವುದು ಮುದುಕರನ್ನು ವಾಪಸ್ ಮನೆಗೆ ಕರೆತರುವುದರಲ್ಲಿ. ಮಗನ ಬೆನ್ನ ಮೇಲೆ ಕೂತ ತಾಯಿ ದಾರಿಯುದ್ದಕ್ಕೂ ಸಣ್ಣ ಕೊಂಬೆ ಮುರಿದು ಹಾಕುತ್ತಾಳೆ, ವಾಪಸ್ ಹೋಗುವಾಗ ಮಗನಿಗೆ ದಾರಿ ತಪ್ಪಬಾರದು ಅಂತ. ಅದನ್ನು ಕಂಡು ಮಗನ ಮನಸ್ಸು ಕರಗುತ್ತದೆ. ಅಂದರೆ ಜನಪದ ಕಥೆ ಹೇಳುವುದೇ ಹಾಗೆ ಮಾಡಬೇಡಿ ಎಂದು. ಫುಕಜಾವಾ ಇದನ್ನು ತಿರುಗಿಸಿದರು. ಇಲ್ಲಿ ಹೋಗಲೇಬೇಕು ಎಂದು ಹಟ ಹಿಡಿಯುವವಳು ತಾಯಿ, ಕಾಲು ಎಳೆಯುವವನು ಮಗ.

ಇನ್ನು ಚರಿತ್ರೆಯ ಮಾತು. ಮುದುಕರನ್ನು ಬಿಟ್ಟುಬರುವುದು ಜಪಾನಿನ ಹಳ್ಳಿಗಳಲ್ಲಿ ಒಂದು ಪದ್ಧತಿಯಾಗಿ ನಡೆಯುತ್ತಿತ್ತು ಎಂದು ಸಾಬೀತು ಮಾಡುವ ಗಟ್ಟಿ ದಾಖಲೆ ಇಲ್ಲ. ಕಥೆ ಇದೆ, ಊರಿನ ಹೆಸರಿದೆ, ಹಿರಿಯರ ನೆನಪಿದೆ. ಜನಪದ ವಿದ್ವಾಂಸ ಕುನಿಯೊ ಯನಾಗಿತಾ 1910ರಲ್ಲಿ ತೋನೊ ಸೀಮೆಯ ಕಥೆಗಳನ್ನು ಪ್ರಕಟಿಸಿದರು. ಅದರಲ್ಲಿ 60 ದಾಟಿದವರನ್ನು ಕಳಿಸುತ್ತಿದ್ದ ಒಂದು ಬಯಲಿನ ವಿಷಯ ಬರುತ್ತದೆ. ಅಲ್ಲಿನ ಮುದುಕರು ಸುಮ್ನೆ ಸಾವಿಗೆ ಕಾಯುತ್ತ ಕೂರುತ್ತಿರಲಿಲ್ಲವಂತೆ. ಹಗಲು ಊರಿಗೆ ಇಳಿದು ಬಂದು ಹೊಲದಲ್ಲಿ ದುಡಿದು, ಹೊಟ್ಟೆಗೆ ಏನಾದರೂ ಮಾಡಿಕೊಂಡು ಸಂಜೆ ವಾಪಸ್ ಹೋಗುತ್ತಿದ್ದರಂತೆ.

ಮುದುಕರ ವಿಷಯದಲ್ಲಿ ದಾಖಲೆ ಇಲ್ಲ ಎಂದಮಾತ್ರಕ್ಕೆ ಹಸಿವು ಸುಳ್ಳಲ್ಲ. ಹಸಿವಿಗೆ ಬೇಕಾದಷ್ಟು ದಾಖಲೆ ಇದೆ. 1780ರ ದಶಕದ ತೆನ್ಮೆಯ್ ಬರ, 1830ರ ದಶಕದ ತೆನ್ಪೊ ಬರ, ಎರಡರಲ್ಲೂ ಲೆಕ್ಕವಿಲ್ಲದಷ್ಟು ಜನ ಸತ್ತರು. 1783ರಲ್ಲಂತೂ ನಗಾನೊ ಗಡಿಯ ಅಸಾಮಾ ಜ್ವಾಲಾಮುಖಿ ಸಿಡಿದು ಸುತ್ತಲ ಹೊಲಗಳ ಮೇಲೆ ಬೂದಿ ಸುರಿಯಿತು. ಹುಟ್ಟಿದ ಕೂಸನ್ನು ಕೊಲ್ಲುವುದಕ್ಕೂ ದಾಖಲೆ ಇದೆ. ಅದನ್ನು ನಿಲ್ಲಿಸಲು ದೊರೆಗಳು ಆಜ್ಞೆ ಹೊರಡಿಸಿದ್ದರು, ಬಸುರಿಯರ ಪಟ್ಟಿ ಇಡಿಸಿದ್ದರು. ಯನಾಗಿತಾ ಹುಡುಗನಾಗಿದ್ದಾಗ ಇಬರಾಕಿ ಪ್ರಾಂತ್ಯದ ಒಂದು ಗುಡಿಯಲ್ಲಿ ಹರಕೆಯ ಹಲಗೆಯೊಂದನ್ನು ನೋಡಿದ್ದರು. ಅದರ ಮೇಲೆ ತಾಯಿಯೊಬ್ಬಳು ಹಸುಗೂಸಿನ ಉಸಿರು ಕಟ್ಟಿಸುತ್ತಿರುವ ಚಿತ್ರ ಇತ್ತು. ಆ ಚಿತ್ರ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಹೀಗಾಗಿ ನರಯಾಮದ ಕಥೆಯಲ್ಲಿ ಚರಿತ್ರೆ ಇರುವುದು ಬೆಟ್ಟದ ಮೇಲಲ್ಲ, ಅಡುಗೆಮನೆಯಲ್ಲಿ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಆ ಊರಿನಲ್ಲಿ ಬಿಳಿ ಅಕ್ಕಿಗೆ ದೇವರಿಗೆ ಕೊಡುವ ಮರ್ಯಾದೆ. ಹಬ್ಬದ ದಿನ ಒಂದು ಊಟ, ಇಲ್ಲವೇ ಸಾಯುವ ಹಾಗಿರುವವರಿಗೆ ನಾಲ್ಕು ಅಗುಳು. ಉಳಿದ ದಿನ ಊದಲು, ನವಣೆಯಂಥ ಸಿರಿಧಾನ್ಯ, ಗೆಡ್ಡೆ, ಕಾಡಿನ ಸೊಪ್ಪು. ಮರಿಮೊಮ್ಮಗುವಿನ ಮುಖ ನೋಡುವಷ್ಟು ಕಾಲ ಬದುಕುವುದು ಇಲ್ಲಿ ನಾಚಿಕೆಗೇಡು. ವಯಸ್ಸಾದರೂ ಹಲ್ಲು ಗಟ್ಟಿ ಇದ್ದರೆ ಅದೂ ನಾಚಿಕೆಗೇಡು, ಅಷ್ಟು ತಿನ್ನುತ್ತಾಳೆ ಅಂತ ಅಲ್ವಾ! ಮೊಮ್ಮಗನೇ ಓರಿನ್‌ಗೆ 33 ಹಲ್ಲು ಎಂದು ಹಾಡು ಕಟ್ಟಿ ಅಣಕಿಸುತ್ತಾನೆ. ಓರಿನ್ ಒಂದು ದಿನ ಯಾರಿಗೂ ಹೇಳದೆ ಮುಂದಿನ ಹಲ್ಲುಗಳನ್ನು ಕಲ್ಲಿಗೆ ಬಡಿದು ಮುರಿದುಕೊಳ್ಳುತ್ತಾಳೆ. ಬಾಯಿ ತುಂಬ ರಕ್ತ ಮಾಡಿಕೊಂಡು ಊರಿನವರ ಮುಂದೆ ಹೋಗಿ, ನೋಡಿ, ನಾನೂ ಈಗ ಮುದುಕಿಯಾದೆ ಎನ್ನುವ ಹಾಗೆ ನಗುತ್ತಾಳೆ.

ಈಗ ಸಿನಿಮಾ ಮಾಡುವವರ ಕಷ್ಟ ಯೋಚಿಸಿ. ಇಂಥ ಪದ್ಧತಿ ಇತ್ತು ಎಂದು ಗಟ್ಟಿಯಾಗಿ ಹೇಳಿದರೆ ಸುಳ್ಳಾಗಬಹುದು. ಬರೀ ಕಟ್ಟುಕಥೆ ಎಂದರೆ ಆ ಹಸಿವಿಗೆ ಅವಮಾನ.

ಕಿನೋಶಿತಾ ಹಿಡಿದ ದಾರಿ ಧೈರ್ಯದ್ದು. ಶೋಚಿಕು ಕಂಪನಿಗಾಗಿ ಸಿನಿಮಾ ಮಾಡುತ್ತಿದ್ದ ಅವರು, ಇದು ಆಟ ಎಂದು ಮೊದಲ ದೃಶ್ಯದಲ್ಲೇ ಒಪ್ಪಿಕೊಂಡುಬಿಟ್ಟರು. ಕಪ್ಪು ಬಟ್ಟೆ ತೊಟ್ಟವನೊಬ್ಬ ಬಂದು ಮರದ ತುಂಡುಗಳನ್ನು ಬಡಿದು ಕಥೆ ಶುರು ಎಂದು ಸಾರುತ್ತಾನೆ. ಜಪಾನಿನ ಕಬುಕಿ ನಾಟಕದ ಪಟ್ಟೆಪಟ್ಟೆಯ ಪರದೆ ಸರಿಯುತ್ತದೆ. ಅದರಾಚೆಗಿನ ಬೆಟ್ಟ, ತೊರೆ, ಮರ, ಆಕಾಶ ಎಲ್ಲ ಸೆಟ್. ಶಾಮಿಸೆನ್ ಎಂಬ ತಂತಿವಾದ್ಯ ಮೀಟುತ್ತ ಗಾಯಕ ಕಥೆ ಹೇಳುತ್ತಾನೆ. ಓರಿನ್ ಬಾಯಿ ಬಿಡದಿದ್ದರೂ ಅವಳ ಮನಸ್ಸಿನಲ್ಲಿರುವುದನ್ನು ಅವನು ಹಾಡುತ್ತಾನೆ. ಯಕ್ಷಗಾನದಲ್ಲಿ ಭಾಗವತರು ಪಾತ್ರದ ಒಳಗುದಿಯನ್ನು ಪದದಲ್ಲಿ ಹೇಳುವುದನ್ನು ಕೇಳಿದವರಿಗೆ ಇದು ಹೊಸದೆನಿಸುವುದಿಲ್ಲ.

ದೃಶ್ಯ ಬದಲಾಗುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಸಾಮಾನ್ಯ ಸಿನಿಮಾದಲ್ಲಿ ಕಟ್ ಮಾಡಿ ಮುಂದಿನ ಜಾಗಕ್ಕೆ ಹೋಗುತ್ತಾರೆ. ಇಲ್ಲಿ ಕ್ಯಾಮೆರಾ ಓಡುತ್ತಿರುವಾಗಲೇ ಹಿಂದಿನ ಪರದೆ ಧಡಕ್ಕನೆ ಕೆಳಗೆ ಬೀಳುತ್ತದೆ, ಅದರ ಹಿಂದೆ ಇನ್ನೊಂದು ಜಾಗ ಕಾಯುತ್ತಿರುತ್ತದೆ. ಮನೆಯ ಗೋಡೆ ಸರಿದು ಹೋಗುತ್ತದೆ. ಸಿಟ್ಟಿನ ಗಳಿಗೆಯಲ್ಲಿ ಇಡೀ ಆಕಾಶ ಕೆಂಪಾಗುತ್ತದೆ, ದುಃಖ ಬಂದಾಗ ಸುತ್ತಲೂ ಕತ್ತಲಾಗಿ ಒಂದು ಮುಖದ ಮೇಲಷ್ಟೇ ಬೆಳಕು ಉಳಿಯುತ್ತದೆ. ಇದನ್ನೆಲ್ಲ ಕಂಪ್ಯೂಟರ್ ಮಾಡಿದ್ದಲ್ಲ. ಲೈಟಿನವರು, ಸೆಟ್ಟಿನವರು, ಛಾಯಾಗ್ರಾಹಕ ಹಿರೋಶಿ ಕುಸುದಾ ಒಟ್ಟಿಗೆ ಕೈ ಕೂಡಿಸಿ, ನಟರ ಚಲನೆಗೆ ಸರಿಯಾಗಿ ಆ ಕ್ಷಣದಲ್ಲೇ ಆಗುವ ಹಾಗೆ ಮಾಡಿದ್ದು. ಅದೂ ಅಗಲ ಪರದೆಯ ಬಣ್ಣದ ಸಿನಿಮಾದಲ್ಲಿ.

ಓರಿನ್ ಆದವರು ಕಿನುಯೊ ತನಾಕಾ. ಆಗ ಅವರಿಗೆ 48. ಮೂಕಿ ಸಿನಿಮಾ ಕಾಲದಿಂದ ಜಪಾನಿನ ಮನೆಮಾತಾಗಿದ್ದ ನಟಿ, ಸ್ವತಃ ನಿರ್ದೇಶಕಿ ಕೂಡ. ಈ ಪಾತ್ರಕ್ಕಾಗಿ ಅವರು ತಮ್ಮ ಮುಂದಿನ ಹಲ್ಲುಗಳನ್ನು ತೆಗೆಸಿಕೊಂಡರು. ಸುತ್ತ ಎಲ್ಲವೂ ಬಣ್ಣ ಬಳಿದ ಸೆಟ್ ಆಗಿದ್ದರೂ ಆ ಬಾಯಿ ಮಾತ್ರ ನಿಜದ್ದು. ಆ ವರ್ಷ 'ಕಿನೆಮಾ ಜುನ್ಪೊ' ಪತ್ರಿಕೆಯ ವಿಮರ್ಶಕರು ಈ ಸಿನಿಮಾಕ್ಕೆ ಮೊದಲ ಸ್ಥಾನ ಕೊಟ್ಟರು.

ಕಿನೋಶಿತಾ ಚರಿತ್ರೆಯನ್ನು ಮುಟ್ಟುವುದು ಕೊನೆಯಲ್ಲಿ. ಇಡೀ ಸಿನಿಮಾ ಸೆಟ್ಟಿನಲ್ಲಿ ನಡೆದು ಮುಗಿದ ಮೇಲೆ ಒಂದೇಟಿಗೆ ಬಣ್ಣ ಹೋಗಿ ಕಪ್ಪು-ಬಿಳುಪು ಬರುತ್ತದೆ. ನಿಜವಾದ ರೈಲು, ನಿಜವಾದ ಹಿಮ, ನಿಜವಾದ ಸ್ಟೇಷನ್. ಬೋರ್ಡಿನ ಮೇಲೆ ಒಬಸುತೆ ಎಂದಿದೆ, ಮುದುಕಿಯನ್ನು ಬಿಡುವ ಜಾಗ ಅಂತ. ನಗಾನೊದಲ್ಲಿ 1900ರಲ್ಲಿ ಶುರುವಾದ ಈ ಸ್ಟೇಷನ್ ಇವತ್ತಿಗೂ ಇದೆ. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಗಳನ್ನು ನೋಡಲು ಜನ ಇಲ್ಲಿ ಇಳಿಯುತ್ತಾರೆ. ನಡೆದದ್ದು ಏನೆಂದು ಕಿನೋಶಿತಾ ವಾದ ಮಾಡುವುದಿಲ್ಲ. ಊರು ಆ ಹೆಸರನ್ನು ಉಳಿಸಿಕೊಂಡಿದೆ ಎಂಬುದನ್ನಷ್ಟೇ ತೋರಿಸುತ್ತಾರೆ. ಸಂಶೋಧಕರು ಕೂಡ ಖಚಿತವಾಗಿ ಹೇಳಬಹುದಾದದ್ದು ಅಷ್ಟೇ.

ಇಮಾಮುರಾ ಬೇರೆಯದೇ ಜಾತಿಯ ಮನುಷ್ಯ. 1926ರಲ್ಲಿ ತೋಕಿಯೊದ ವೈದ್ಯರ ಮನೆಯಲ್ಲಿ ಹುಟ್ಟಿದರು. ಅವರೂ ಕೆಲಸಕ್ಕೆ ಸೇರಿದ್ದು ಇದೇ ಶೋಚಿಕುವಿನಲ್ಲಿ, 1951ರಲ್ಲಿ. ಅಲ್ಲಿ ನಿರ್ದೇಶಕ ಯಾಸುಜಿರೊ ಓಜು ಅವರಿಗೆ ಸಹಾಯಕರಾಗಿದ್ದರು. ಆ ನಿಶ್ಶಬ್ದ, ಅಚ್ಚುಕಟ್ಟಾದ ಮನೆಗಳ ಸಿನಿಮಾ ತಮ್ಮ ದಾರಿಯಲ್ಲ ಎಂದು ಬೇಗ ಗೊತ್ತಾಯಿತು. ಅವರಿಗೆ ಬೇಕಾದವರು ಹಳ್ಳಿಯವರು, ಊರೂರು ಅಲೆಯುವವರು, ಮರ್ಯಾದಸ್ಥರು ಕಣ್ಣೆತ್ತಿ ನೋಡದವರು. 1968ರಲ್ಲಿ ದಕ್ಷಿಣದ ದ್ವೀಪಗಳಲ್ಲಿ ತಿಂಗಳುಗಟ್ಟಲೆ ಇದ್ದು ಒಂದು ದೊಡ್ಡ ಸಿನಿಮಾ ತೆಗೆದರು, ಅದು ಓಡಲಿಲ್ಲ. ಆಮೇಲಿನ ಸುಮಾರು ಹತ್ತು ವರ್ಷ ಹೆಚ್ಚಾಗಿ ಸಾಕ್ಷ್ಯಚಿತ್ರ ಮಾಡಿದರು. 1975ರಲ್ಲಿ ಯೊಕೊಹಾಮಾದಲ್ಲಿ ಸಿನಿಮಾ ಶಾಲೆ ತೆರೆದರು. ಅಂದರೆ ನರಯಾಮಕ್ಕೆ ಕೈ ಹಾಕುವ ಹೊತ್ತಿಗೆ ನಿಜವಾದ ಜಾಗ, ನಿಜವಾದ ಜನರ ಜೊತೆ ಕೆಲಸ ಮಾಡಿ ಕೈ ಪಳಗಿತ್ತು.

ಅವರು ಹೋದದ್ದು ನಗಾನೊದ ಉತ್ತರದ ತುದಿಯಲ್ಲಿರುವ ಒತಾರಿಗೆ. ಜಪಾನಿನಲ್ಲಿ ಹಿಮ ಅತಿ ಹೆಚ್ಚು ಬೀಳುವ ಸೀಮೆಗಳಲ್ಲೊಂದು. ಅಲ್ಲಿ ಜನ ಬಿಟ್ಟುಹೋದ ಒಂದು ಬೆಟ್ಟದ ಹಳ್ಳಿ ಸಿಕ್ಕಿತು. ಹೀಗೆ ಖಾಲಿ ಹಳ್ಳಿ ಸಿಗುವುದಕ್ಕೂ ಒಂದು ಹಿನ್ನೆಲೆ ಇದೆ. 1950ರ ದಶಕದ ಮಧ್ಯದಿಂದ ಜಪಾನಿನ ಕಾರ್ಖಾನೆಗಳು ಬೆಳೆದ ಹಾಗೆಲ್ಲ ಬೆಟ್ಟದ ಹಳ್ಳಿಗಳ ಹುಡುಗ ಹುಡುಗಿಯರು ಪಟ್ಟಣಕ್ಕೆ ಇಳಿದರು. 1970ರಲ್ಲಿ ಸರ್ಕಾರ ಹೀಗೆ ಬರಿದಾಗುತ್ತಿರುವ ಊರುಗಳಿಗೆಂದೇ ಒಂದು ಕಾನೂನು ತರಬೇಕಾಯಿತು. ಕಿನೋಶಿತಾ ಸಿನಿಮಾ ಮಾಡುವಾಗ ಆ ಮನೆಗಳಲ್ಲಿ ಇನ್ನೂ ಒಲೆ ಉರಿಯುತ್ತಿತ್ತು. ಇಮಾಮುರಾ ಬರುವಾಗ ಬಾಗಿಲು ಮುಚ್ಚಿತ್ತು.

ಒತಾರಿಗೆ ಇನ್ನೊಂದು ಹೊಂದಿಕೆಯೂ ಇದೆ. ನಗಾನೊಗೆ ಸಮುದ್ರವೇ ಇಲ್ಲ. ಹಿಂದೆ ಉಪ್ಪು ಬರುತ್ತಿದ್ದುದು ಇತೊಯಿಗಾವಾ ಬಂದರಿನಿಂದ, ಒತಾರಿಯ ಮೂಲಕ ಹಾದುಹೋಗುವ ಬೆಟ್ಟದ ದಾರಿಯಲ್ಲಿ, ಎತ್ತುಗಳ ಮತ್ತು ಮನುಷ್ಯರ ಬೆನ್ನ ಮೇಲೆ. ಇಮಾಮುರಾ ಸಿನಿಮಾದಲ್ಲಿ ಹೊರಗಿನಿಂದ ಊರಿಗೆ ಬರುವವನು ಉಪ್ಪಿನ ವ್ಯಾಪಾರಿ. ಹೆಣ್ಣುಕೂಸುಗಳನ್ನು ಅವನಿಗೆ ಮಾರುತ್ತಾರೆ. ಗಂಡುಕೂಸಿಗೆ ಆ ಅದೃಷ್ಟವೂ ಇಲ್ಲ. ಹಿಮ ಕರಗಿದಾಗ ಹೊಲದಲ್ಲಿ ಒಂದು ಹಸುಗೂಸಿನ ಹೆಣ ಕಾಣುತ್ತದೆ. ಜಗಳ ಶುರುವಾಗುವುದು ಕೂಸು ಸತ್ತದ್ದಕ್ಕಲ್ಲ, ನಮ್ಮ ಹೊಲದಲ್ಲಿ ಯಾಕೆ ಎಸೆದಿರಿ ಅಂತ.

ಇಮಾಮುರಾ ತಂಡ ಒಂದು ಋತುವಿನಲ್ಲಿ ಕೆಲಸ ಮುಗಿಸಿ ಬರಲಿಲ್ಲ. ಚಳಿಗಾಲದ ಹಿಮ, ಅದು ಕರಗುವ ವಸಂತ, ಬೇಸಿಗೆಯ ಕೆಸರು, ಸುಗ್ಗಿ ಎಲ್ಲವೂ ನಿಜವಾಗಿ ಬರುವವರೆಗೆ ಕಾದು ತೆಗೆದರು. ನಡುನಡುವೆ ಹಾವು, ಕಪ್ಪೆ, ಇಲಿ, ಹಕ್ಕಿ ಬರುತ್ತಲೇ ಇರುತ್ತವೆ. ತಿನ್ನುತ್ತವೆ, ಕೂಡುತ್ತವೆ, ಮರಿ ಹಾಕುತ್ತವೆ. ಮನುಷ್ಯರೂ ಅದನ್ನೇ ಮಾಡುತ್ತಾರೆ. ಕೆಲವರಿಗೆ ಇದು ಅತಿಯೆನಿಸಿದೆ. ಒಂದೆರಡು ಕಡೆ ನನಗೂ ಅತಿಯೆನಿಸಿತು. ಆದರೆ ಓರಿನ್ ಹೊರಡುವುದನ್ನು ಬರೀ ತ್ಯಾಗದ ಕಥೆಯಾಗಿ ನೋಡಿ ಕಣ್ಣೀರು ಒರೆಸಿಕೊಳ್ಳಲು ಇಮಾಮುರಾ ಬಿಡುವುದಿಲ್ಲ. ಒಂದು ಬಾಯಿ ಕಡಿಮೆಯಾದರೆ ಇನ್ನೊಂದು ಬಾಯಿಗೆ ಜಾಗ ಎಂಬ ಲೆಕ್ಕ ಕಣ್ಣೆದುರೇ ಇರುತ್ತದೆ.

ಚಿತ್ರಕಥೆಗೂ ಅವರು ಹೊಸದೊಂದು ಸೇರಿಸಿದರು. ಫುಕಜಾವಾ ಅವರದೇ ಇನ್ನೊಂದು ಕಥೆಯಲ್ಲಿ ಮದುವೆಯಿಲ್ಲದೆ ಉಳಿದ ಕಿರಿಯ ಗಂಡುಮಕ್ಕಳು ಬರುತ್ತಾರೆ. ಅದನ್ನು ಇದರ ಜೊತೆ ಹೆಣೆದರು. ಅಂಗೈಯಗಲ ಹೊಲವನ್ನು ಪಾಲು ಮಾಡಿದರೆ ಯಾರ ಹೊಟ್ಟೆಯೂ ತುಂಬುವುದಿಲ್ಲ. ಅದಕ್ಕೇ ಹೊಲ ಹಿರಿಮಗನಿಗೆ, ಮದುವೆಯೂ ಹಿರಿಮಗನಿಗೆ. ಕಿರಿಯರು ಅಣ್ಣನ ಮನೆಯಲ್ಲೇ ಕೂಲಿಯಿಲ್ಲದ ಆಳುಗಳು. ಬಡ ಹಳ್ಳಿಗಳ ಈ ಕಷ್ಟ ಮೊದಲ ಸಿನಿಮಾದಲ್ಲಿ ಇರಲೇ ಇಲ್ಲ.

ಇಡೀ ಸಿನಿಮಾದಲ್ಲಿ ನನ್ನನ್ನು ಅತಿ ಹೆಚ್ಚು ಅಲುಗಾಡಿಸಿದ್ದು ಬೆಟ್ಟವಲ್ಲ, ಕಳ್ಳತನದ ಭಾಗ. ಒಂದು ಮನೆಯವರು ಊರಿನವರ ದವಸ ಕದ್ದು ಸಿಕ್ಕಿಬೀಳುತ್ತಾರೆ. ಊರವರು ನುಗ್ಗಿ, ಬಚ್ಚಿಟ್ಟದ್ದನ್ನೆಲ್ಲ ಹೊರತೆಗೆದು ಹಂಚಿಕೊಳ್ಳುತ್ತಾರೆ. ಆ ಮನೆಯ ಹುಡುಗಿ ಓರಿನ್ ಮೊಮ್ಮಗನಿಂದ ಬಸುರಿ. ಓರಿನ್ ಮನೆಯಲ್ಲೇ ಇದ್ದಾಳೆ. ಆ ರಾತ್ರಿ ತವರಿಗೆ ಹೋಗಿ ಬಾ ಎಂದು ಓರಿನ್ ಅವಳ ಕೈಗೆ ತಿನ್ನಲು ಕೊಟ್ಟು ಕಳಿಸುತ್ತಾಳೆ. ಊರವರು ಏನು ಮಾಡಲಿದ್ದಾರೆ ಎಂದು ಓರಿನ್‌ಗೆ ಗೊತ್ತು. ಕತ್ತಲಲ್ಲಿ ಬಂದು ಆ ಇಡೀ ಸಂಸಾರವನ್ನು, ಬಸುರಿ ಹುಡುಗಿಯನ್ನೂ ಸೇರಿಸಿ, ಗುಂಡಿಯಲ್ಲಿ ಜೀವಂತ ಹೂಳುತ್ತಾರೆ. ಇಷ್ಟು ಹೊತ್ತು ನಾವು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದ ಅಜ್ಜಿಯೇ ಇದಕ್ಕೆ ಕೈಜೋಡಿಸಿದ್ದಾಳೆ. ತನ್ನ ಮೇಲೆ ಹಾಕಿಕೊಂಡ ಲೆಕ್ಕವನ್ನೇ ಆ ಹುಡುಗಿಯ ಮೇಲೂ ಹಾಕಿದಳು.

ಈ ಓರಿನ್ ಆಗಿ ನಟಿಸಿದ ಸುಮಿಕೊ ಸಕಾಮೊತೊ ಹೆಸರು ಮಾಡಿದ ಗಾಯಕಿ. ಸಿನಿಮಾ ಬಿಡುಗಡೆಯಾದಾಗ ಅವರಿಗೆ ಇನ್ನೂ 46. ಮಗ ತತ್ಸುಹೆಯ್ ಪಾತ್ರದ ಕೆನ್ ಒಗಾತಾ ಅವರಿಗಿಂತ ಒಂದು ವರ್ಷವೂ ಚಿಕ್ಕವರಲ್ಲ! ತೂಕ ಇಳಿಸಿ, ಬೆನ್ನು ಬಗ್ಗಿಸಿ, ತನಾಕಾ ಅವರ ಹಾಗೆ ಇವರೂ ತಮ್ಮ ಮುಂದಿನ ಹಲ್ಲುಗಳನ್ನು ಈ ಪಾತ್ರಕ್ಕೆ ಕೊಟ್ಟರು. ಬೆನ್ನ ಮೇಲಿನ ತಾಯಿ, ಹೊತ್ತ ಮಗ ಒಂದೇ ವಯಸ್ಸಿನವರು ಎಂದು ಗೊತ್ತಿದ್ದೂ ನೋಡಿ, ಒಂದು ಕ್ಷಣವೂ ಅದು ನೆನಪಾಗುವುದಿಲ್ಲ.

ಬೆಟ್ಟ ಹತ್ತುವ ಭಾಗವನ್ನು ತೆಗೆದ ರೀತಿ ಸಿನಿಮಾ ಕಲಿಯುವವರಿಗೆ ಒಂದು ಪಾಠ. ಹಿಂದಿನ ರಾತ್ರಿ ಊರಿನ ಹಿರಿಯರು ಕೂತು, ಸಾಕೆ ಎಂಬ ಅಕ್ಕಿಯ ಮದ್ಯ ಕುಡಿದು ಕಟ್ಟಳೆ ಹೇಳುತ್ತಾರೆ. ಮನೆ ಬಿಡುವಾಗ ಯಾರೂ ನೋಡಬಾರದು. ಬೆಟ್ಟದಲ್ಲಿ ಮಾತಾಡಬಾರದು. ವಾಪಸ್ ಬರುವಾಗ ತಿರುಗಿ ನೋಡಬಾರದು. ಮಾತಾಡಬಾರದು ಎಂದಮೇಲೆ ಸಂಭಾಷಣೆ ಎಲ್ಲಿಂದ ಬರಬೇಕು? ಬಂಡೆ, ಜಾರುವ ಕಾಲು, ಏದುಸಿರು, ನೀರು ಕುಡಿಯಲು ನಿಲ್ಲುವುದು, ಕಾಗೆ, ಅಲ್ಲಲ್ಲಿ ಮೂಳೆ. ಕಥೆ ಸಾಗುವುದೆಲ್ಲ ಇಷ್ಟರಲ್ಲೇ. ಪಕ್ಕದ ಮನೆಯ ಮುದುಕ ಮಾತ್ರ ಹೋಗಲಾರೆ ಎಂದು ಒದ್ದಾಡುತ್ತಾನೆ. ಅವನನ್ನು ಮಗನೇ ಕಟ್ಟಿ ತಂದು ಕೊರಕಲಿಗೆ ತಳ್ಳುತ್ತಾನೆ. ಇತ್ತ ಓರಿನ್‌ನನ್ನು ಕೂರಿಸಿ ಹೊರಟ ಮೇಲೆ ಹಿಮ ಬೀಳುತ್ತದೆ. ಬೆಟ್ಟಕ್ಕೆ ಹೋದ ದಿನ ಹಿಮ ಬಿದ್ದರೆ ಪುಣ್ಯ ಎಂದು ಊರಿನ ನಂಬಿಕೆ. ಸಾವು ಬೇಗ ಬರುತ್ತದೆ ಎಂಬುದೇ ಆ ಪುಣ್ಯ. ತತ್ಸುಹೆಯ್ ಕಟ್ಟಳೆ ಮುರಿದು ಓಡಿಬಂದು ಅವ್ವನಿಗೆ ಹಿಮ ಬಂತು ಎಂದು ಕೂಗಿ ಹೇಳುತ್ತಾನೆ. ಆಕೆ ಮಾತಾಡದೆ, ಹೋಗು ಎಂದು ಕೈ ಮಾಡುತ್ತಾಳೆ.

1983ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಇಮಾಮುರಾ ಅವರ ಸಿನಿಮಾಕ್ಕೆ ಅಲ್ಲಿನ ಅತಿ ದೊಡ್ಡ ಪ್ರಶಸ್ತಿ ಪಾಮ್ ದೋರ್ ಸಿಕ್ಕಿತು. ಅಲ್ಲಿ ಎಲ್ಲರ ಕಣ್ಣು ಇದ್ದದ್ದು ಜಪಾನಿನದೇ ಇನ್ನೊಬ್ಬ ನಿರ್ದೇಶಕ ನಾಗಿಸಾ ಓಶಿಮಾ ಸಿನಿಮಾದ ಮೇಲೆ. ಇಮಾಮುರಾ ಕಾನ್‌ಗೆ ಹೋಗಿರಲೂ ಇಲ್ಲ. 1997ರಲ್ಲಿ ಬೇರೊಂದು ಸಿನಿಮಾಕ್ಕೆ ಅವರಿಗೆ ಅದೇ ಪ್ರಶಸ್ತಿ ಎರಡನೇ ಸಲ ಬಂತು.

ಇಬ್ಬರಲ್ಲಿ ಯಾರು ಸರಿ? ಹಸಿವನ್ನು ಮೈಯಲ್ಲಿ ತೋರಿಸುವುದರಲ್ಲಿ ಇಮಾಮುರಾ ಅವರನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಆದರೆ ನಿಜವಾದ ಹಳ್ಳಿ, ನಿಜವಾದ ಹಿಮ ನೋಡಿದವರು ಎಲ್ಲವೂ ಹೀಗೇ ನಡೆದಿತ್ತು ಎಂದು ಸುಲಭವಾಗಿ ನಂಬಿಬಿಡುತ್ತಾರೆ. ಎಷ್ಟೋ ಜನ ಇದನ್ನು ಜಪಾನಿನ ಚರಿತ್ರೆ ಎಂದೇ ಹೇಳುವುದನ್ನು ಕೇಳಿದ್ದೇನೆ. ಕಿನೋಶಿತಾ ಆ ತಪ್ಪಿಗೆ ಅವಕಾಶವೇ ಕೊಟ್ಟಿಲ್ಲ. ಚರಿತ್ರೆಯ ವಿಷಯದಲ್ಲಿ ಅವರದೇ ಹೆಚ್ಚು ಪ್ರಾಮಾಣಿಕ ಸಿನಿಮಾ ಎಂದು ನನ್ನ ಅಭಿಪ್ರಾಯ. ಎರಡನ್ನೂ ನೋಡುವವರು 1958ರದ್ದನ್ನು ಮೊದಲು ನೋಡಿ. ಒಂದೂವರೆ ಗಂಟೆ ಚಿಲ್ಲರೆ, ಅಷ್ಟೇ. ಅದಾದ ಮೇಲೆ ಇಮಾಮುರಾ ಸಿನಿಮಾ ನೋಡುವಾಗ ಯಾರು ಏನು ತಿನ್ನುತ್ತಿದ್ದಾರೆ, ಎಷ್ಟು ತಿನ್ನುತ್ತಿದ್ದಾರೆ, ಬಡಿಸುತ್ತಿರುವವರು ಯಾರು ಎಂಬುದನ್ನೇ ಗಮನಿಸುತ್ತ ಹೋಗಿ. ದಾಖಲೆ ಸಿಗುವ ಚರಿತ್ರೆ ಆ ತಟ್ಟೆಯಲ್ಲೇ ಇದೆ.